ಜರ್ಕ್ ಮೀಮಾಂಸೆ: ಹಳೆಯ ಆಟೋಮ್ಯಾಟಿಕ್ ಕಾರೊಂದರ ಕಾಲ, ದೇಶ, ಕರ್ತೃ ಮತ್ತು ಮತವಿಚಾರ

ಕನ್ನಡದ ವಿದ್ವಾಂಸರು ಕವಿಗಳ ಕಾಲ, ದೇಶ, ಮತಗಳ ಬಗ್ಗೆ ನೂರು ವರ್ಷಕ್ಕೂ ಮಿಕ್ಕಿ ವಾದ ಮಾಡಿದ್ದಾರೆ. ಆ ವಾದಗಳಲ್ಲಿ ಒಬ್ಬ ಕವಿ ಇಬ್ಬರಾದದ್ದುಂಟು, ಇಬ್ಬರು ಒಬ್ಬನಾದದ್ದೂ ಉಂಟು. ಆದರೆ ಇಪ್ಪತ್ತು ವರ್ಷ ದುಡಿದ ಆಟೋಮ್ಯಾಟಿಕ್ ಕಾರು ಒಂದನೇ ಗೇರಿನಿಂದ ಎರಡಕ್ಕೆ ದಾಟುವಾಗ ಹಿಂದೆ ಕೂತವರ ಹಣೆಯನ್ನು ಮುಂದಿನ ಸೀಟಿಗೆ ಮುಟ್ಟಿಸುವ ವ್ಯಾಪಾರವನ್ನು, ಗ್ಯಾರೇಜಿನ ಪರಿಭಾಷೆಯಲ್ಲಿ ‘ಜರ್ಕ್’ ಎನ್ನುವುದನ್ನು, ಒಬ್ಬರೂ ಕೈಗೆತ್ತಿಕೊಂಡಿಲ್ಲ. ಈ ಕೊರತೆಯನ್ನು ನೀಗುವುದು ಪ್ರಸ್ತುತ ಲೇಖಕನ ಹಂಬಲ. ಅಧ್ಯಯನಕ್ಕೆ ಆಧಾರವಾದ ಪ್ರತಿ ಒಂದೇ ಒಂದು: ನಾಲ್ಕು ಗೇರಿನ, ಹಲವು ಕೈ ಬದಲಾದ, ಬಿಳಿಯ ಬಣ್ಣವೆಂದು ಆರ್‌.ಸಿ. ಪುಸ್ತಕದಲ್ಲಿ ಮಾತ್ರ ಉಳಿದಿರುವ ಸೆಡಾನು. ತಯಾರಕರ ಹೆಸರನ್ನು ಸಂಶೋಧನೆಯ ಮರ್ಯಾದೆಗಾಗಿ ಬಿಟ್ಟಿದ್ದೇವೆ. ಒಡೆಯರು ಲೇಖಕನ ಷಡ್ಡಕರಾದ್ದರಿಂದ ಅವರ ಹೆಸರನ್ನು ಸಂಸಾರದ ಮರ್ಯಾದೆಗಾಗಿ ಬಿಟ್ಟಿದ್ದೇವೆ.

ಮೊದಲು ಪರಂಪರೆ. ತಾನೇ ಗೇರು ಹಾಕಿಕೊಳ್ಳುವ ಪೆಟ್ಟಿಗೆಯನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿ ಮಾರಿದ ಮೊದಲಿಗರು ಅಮೆರಿಕದ ಜನರಲ್ ಮೋಟಾರ್ಸ್‌ನವರು. 1939ರಲ್ಲಿ ಹೊರತಂದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಕೂರಿಸಿದ ಹೈಡ್ರಾ-ಮ್ಯಾಟಿಕ್ ಅದು. ಕವಿರಾಜಮಾರ್ಗಕ್ಕೂ ಹಿಂದೆ ಕನ್ನಡದಲ್ಲಿ ಕೃತಿಗಳಿದ್ದವೆನ್ನುವಂತೆ ಇದಕ್ಕೂ ಹಿಂದೆ ಅರೆಬರೆ ಪ್ರಯತ್ನಗಳಿದ್ದವು. ಅವುಗಳ ಗೊಡವೆ ನಮಗೆ ಬೇಡ. ಹೈಡ್ರಾ-ಮ್ಯಾಟಿಕ್‌ನಲ್ಲಿ ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ದಾಟಿಸಲು ಇಂದಿನ ಟಾರ್ಕ್ ಕನ್ವರ್ಟರ್ ಇರಲಿಲ್ಲ, ಬರಿಯ ಫ್ಲೂಯಿಡ್ ಕಪ್ಲಿಂಗ್ ಇತ್ತು. ಎರಡನೇ ಮಹಾಯುದ್ಧದಲ್ಲಿ ಇದೇ ಪೆಟ್ಟಿಗೆ ಎಂ5 ಸ್ಟುವರ್ಟ್ ಟ್ಯಾಂಕಿನೊಳಗೂ ದುಡಿಯಿತು. ಷಡ್ಡಕರ ಕಾರು ಹೊರಡುವ ಬಗೆಯನ್ನು ಕಂಡವರಿಗೆ ಈ ವಂಶಾವಳಿಯ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಪೆಟ್ಟಿಗೆಯೊಳಗಿನ ಕಥಾವಸ್ತು ಸಂಕ್ಷೇಪವಾಗಿ ಹೀಗೆ. ಗೇರು ಬದಲಾಗುವಾಗ ಒಂದು ಕ್ಲಚ್ ಕೈಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಎರಡೂ ಸೆಕೆಂಡಿನೊಳಗೆ ಮುಗಿಯಬೇಕು. ಹಿಡಿಸುವ ಶಕ್ತಿ ಆಯಿಲಿನ ಒತ್ತಡದ್ದು. ಆ ಒತ್ತಡ ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವುದು ವಾಲ್ವ್ ಬಾಡಿ ಎಂಬ ಸಂದುಗೊಂದಿಗಳ ಚಕ್ರವ್ಯೂಹ. ಅದರ ಬಾಗಿಲು ಕಾಯುವವು ಸೊಲೆನಾಯ್ಡ್‌ಗಳು. ಒತ್ತಡ ಹೆಚ್ಚಾದರೆ ಕ್ಲಚ್ ಧಡಕ್ಕನೆ ಕಚ್ಚುತ್ತದೆ. ಕಡಿಮೆಯಾದರೆ ಜಾರುತ್ತದೆ, ಎಂಜಿನ್ ಸುಮ್ಮನೆ ಅರಚುತ್ತದೆ, ಆಮೇಲೆ ಯಾವಾಗಲೋ ಕಚ್ಚುತ್ತದೆ. ಇವೆರಡೂ ಬೇರೆ ಬೇರೆ ರೋಗಗಳು. ಒಡೆಯರು ಮಾತ್ರ ಎರಡನ್ನೂ ಜರ್ಕ್ ಎಂದೇ ವರದಿ ಮಾಡುತ್ತಾರೆ. ಪಾಠದೋಷ ಶುರುವಾಗುವುದೇ ಇಲ್ಲಿಂದ.

ಕಾಲನಿರ್ಣಯವಿಲ್ಲದೆ ಕವಿಚರಿತೆಯಿಲ್ಲ. ಜರ್ಕ್ ಬೆಳಗಿನ ತಣ್ಣನೆಯ ಎಂಜಿನ್ನಿನದೋ, ಅರ್ಧ ಗಂಟೆ ಓಡಿದ ಮೇಲಿನದೋ? ತಣ್ಣಗಿದ್ದಾಗ ಬಂದು ಆಮೇಲೆ ಕರಗುವುದಾದರೆ ದಪ್ಪಗಾದ ಆಯಿಲಿನ ಕಡೆಗೋ, ಜೋರಾದ ಐಡ್ಲಿಂಗಿನ ಕಡೆಗೋ ಬೆರಳು ತೋರಬಹುದು. ಕಾದ ಮೇಲೆ ಮಾತ್ರ ಬರುವುದು ಹೆಚ್ಚು ಪ್ರೌಢವಾದ ಕೃತಿ: ಆಯಿಲು ತೆಳುವಾಗಿ, ಗಡುಸಾದ ಸೀಲುಗಳ ಸಂದಿನಲ್ಲಿ ಒತ್ತಡ ಸೋರುತ್ತಿರಬಹುದು. ಒಂದು ಗೇರಿಗೆ ಮಾತ್ರ ಬರುವುದಾದರೆ ಆ ಗೇರಿನ ಸೊಲೆನಾಯ್ಡೋ ಒತ್ತಡದ ಏಟನ್ನು ಮೆತ್ತಗಾಗಿಸುವ ಅಕ್ಯುಮುಲೇಟರೋ ಆರೋಪಿ; ಎಲ್ಲ ಗೇರಿಗೂ ಬಂದರೆ ಒಟ್ಟು ಒತ್ತಡವನ್ನೇ ವಿಚಾರಿಸಬೇಕು. ಈ ಬಗ್ಗೆ ಷಡ್ಡಕರನ್ನು ಸಂದರ್ಶಿಸಲಾಗಿ ‘ಯಾವಾಗ್ಲೂ ಇದೇ ಗೋಳು ಕಣ್ರೀ’ ಎಂದರು. ಬಹಿಃಸಾಕ್ಷ್ಯದ ಬೆಲೆ ಇಷ್ಟೇ. ಅಂತಃಸಾಕ್ಷ್ಯಕ್ಕಾಗಿ ನಾವೇ ಸವಾರಿ ಹೊರಟೆವು. ಬೆಂಗಳೂರಿನಲ್ಲಿ ಹಂಪೂ ಗುಂಡಿಯೂ ಇಲ್ಲದ ರಸ್ತೆ ಹುಡುಕುವುದೇ ಪ್ರತ್ಯೇಕ ಸಂಶೋಧನೆ; ಯಾವ ಜರ್ಕ್ ಪೆಟ್ಟಿಗೆಯದು, ಯಾವುದು ಪ್ರಕ್ಷಿಪ್ತ ಎಂದು ಬಿಡಿಸುವಷ್ಟರಲ್ಲಿ ನಡು ನೋಯುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಂತೂ ಮೂರನೇ ಗೇರು ಉಲ್ಲೇಖಮಾತ್ರದಿಂದ ತಿಳಿದುಬರುವ ಕೃತಿ.

ಇನ್ನು ದೇಶ. ಜರ್ಕಿನ ಹುಟ್ಟೂರು ಗೇರ್‌ಬಾಕ್ಸೇ ಎಂದು ಪೂರ್ವಸೂರಿಗಳೆಲ್ಲ ನಂಬಿದ್ದಾರೆ. ಲೇಖಕನ ಭಿನ್ನಾಭಿಪ್ರಾಯ ಇರುವುದು ಇಲ್ಲಿಯೇ, ಈ ಪ್ರಬಂಧ ಹುಟ್ಟಿದ್ದೂ ಇದಕ್ಕಾಗಿಯೇ. ಎಂಜಿನ್ನೂ ಪೆಟ್ಟಿಗೆಯೂ ಕಾರಿನ ಮೈಗೆ ನೇರವಾಗಿ ಅಂಟಿಕೊಂಡಿಲ್ಲ, ರಬ್ಬರಿನ ಮೌಂಟಿಂಗುಗಳ ಮೇಲೆ ಕೂತಿವೆ. ವರ್ಷಗಟ್ಟಲೆ ಬಿಸಿ ತಿಂದ ರಬ್ಬರು ಸೀಳಿದರೆ, ಗೇರು ಎಷ್ಟೇ ಮೆತ್ತಗೆ ಬಿದ್ದರೂ ಇಡೀ ಎಂಜಿನ್ ಎದ್ದು ಕೂತು ಲೋಹಕ್ಕೆ ಲೋಹ ಬಡಿಯುತ್ತದೆ. ಪರೀಕ್ಷೆಗೆ ಖರ್ಚಿಲ್ಲ. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಬ್ರೇಕನ್ನು ಗಟ್ಟಿಯಾಗಿ ತುಳಿದುಕೊಂಡು ಡಿ, ಆರ್ ಎಂದು ಬದಲಿಸುತ್ತಿರಬೇಕು. ಇನ್ನೊಬ್ಬರು ಕಾರಿನ ಪಕ್ಕಕ್ಕೆ ನಿಂತು ನೋಡಬೇಕು. ಎದುರಿಗೆ ನಿಂತು ನೋಡುವ ಉತ್ಸಾಹಿಗಳಿಗೆ ಮರಣೋತ್ತರ ಪದವಿ ಕೊಡಲು ಅವಕಾಶವಿದೆ. ಎಂಜಿನ್ ಸ್ವಲ್ಪ ವಾಲಿದರೆ ಅದು ಸಹಜ. ಮೈಮೇಲೆ ದೇವರು ಬಂದವರ ಹಾಗೆ ಎಗರಿದರೆ ಮೌಂಟಿಂಗ್ ಹೋಗಿದೆ, ಪೆಟ್ಟಿಗೆ ನಿರಪರಾಧಿ.

ಕರ್ತೃತ್ವದ ವಿಷಯದಲ್ಲಿ ಪಂಥಗಳು ಹಲವು. ನವ್ಯರು ಸ್ಕ್ಯಾನರ್ ಹಿಡಿದು ಬರುತ್ತಾರೆ. ಯಂತ್ರ ಪಿ0700 ಎಂದು ತೋರಿಸುತ್ತದೆ. ಪೆಟ್ಟಿಗೆಯ ಕಂಪ್ಯೂಟರಿಗೆ ಏನೋ ಕಂಡಿದೆ ಎಂದಷ್ಟೇ ಅದರ ಅರ್ಥ. ಏನು ಎಂಬುದಕ್ಕೆ ಇನ್ನೊಂದು ಸಂಕೇತ ಹುಡುಕಬೇಕು. ‘ಈ ಕ್ಷೇತ್ರದಲ್ಲಿ ಹೆಚ್ಚಿನ ಅಧ್ಯಯನ ನಡೆಯಬೇಕಾಗಿದೆ’ ಎಂದು ಮುಗಿಯುವ ಪಿಎಚ್‌.ಡಿ. ಪ್ರಬಂಧಗಳನ್ನೆಲ್ಲ ಇದೇ ಸಂಖ್ಯೆಯಡಿ ಜೋಡಿಸಿಡಬಹುದು. ಪಿ0750 ಬಂದರೆ ಶಿಫ್ಟ್ ಸೊಲೆನಾಯ್ಡ್ ‘ಎ’ ಎಂದು ಹೆಸರು ಹಿಡಿದು ಹೇಳಿದಂತೆ. ಹಾಗೆಂದು ಆ ಗಳಿಗೆಯಲ್ಲೇ ಸೊಲೆನಾಯ್ಡ್ ಕೊಳ್ಳಲು ಓಡಬಾರದು. ಅದಕ್ಕೆ ಹೋಗುವ ವೈರನ್ನೂ ಕನೆಕ್ಟರನ್ನೂ ಮೊದಲು ನೋಡಬೇಕು. ಇನ್ನೂ ಹಳೆಯ ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ದೀಪ ಎಷ್ಟು ಸಲ ಮಿಣುಕಿತೆಂದು ಎಣಿಸಿಯೇ ಸಂಕೇತ ಓದಬೇಕು. ನಿವೃತ್ತ ಶಾಸನತಜ್ಞರಿಗೆ ಇದು ಹೇಳಿ ಮಾಡಿಸಿದ ಕೆಲಸ.

ನವ್ಯರಿಗೂ ಹಿಂದಿನವರು ಒಂದು ಸಂಗತಿಯನ್ನು ಅರಿತಿದ್ದರು: ಪೆಟ್ಟಿಗೆಗೆ ಸ್ವಂತ ಬುದ್ಧಿಯಿಲ್ಲ, ಅದಕ್ಕೆ ಚಾಡಿ ಹೇಳುವವರಿದ್ದಾರೆ. ಆಕ್ಸಿಲರೇಟರನ್ನು ಎಷ್ಟು ತುಳಿದಿದ್ದೀರೆಂದು ತಿಳಿಸಲು ಹಳೆಯ ಪೆಟ್ಟಿಗೆಗಳಿಗೆ ಒಂದು ಕೇಬಲ್ಲೋ ವ್ಯಾಕ್ಯೂಮ್ ಪೈಪೋ ಇತ್ತು. ಆಮೇಲಿನವಕ್ಕೆ ಥ್ರಾಟಲ್ ಸೆನ್ಸರ್ ಬಂತು. ಆ ಪೈಪು ಸೀಳಿದರೆ, ನೀವು ಮದುವೆ ದಿಬ್ಬಣದ ವೇಗದಲ್ಲಿ ಹೋಗುತ್ತಿದ್ದರೂ ಪೂರ್ತಿ ತುಳಿದಿದ್ದೀರೆಂದು ಸುದ್ದಿ ಮುಟ್ಟುತ್ತದೆ. ಪೆಟ್ಟಿಗೆ ಒತ್ತಡ ಏರಿಸಿ ಗೇರನ್ನು ಗುದ್ದುತ್ತದೆ. ಪೈಪು ಸೇರುವ ಮಾಡ್ಯುಲೇಟರಿನ ಪೊರೆಯೇ ಹರಿದರೆ ಎಂಜಿನ್ ಗೇರ್ ಆಯಿಲನ್ನು ಹೀರಿ ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡುತ್ತದೆ. ತಪ್ಪು ಗೇಣುದ್ದದ ರಬ್ಬರಿನದು, ಗಲ್ಲು ಪೆಟ್ಟಿಗೆಗೆ. ಏಕೆಂದರೆ ಆ ಹೊತ್ತಿಗೆ ಬಂಡಾಯ ಪಂಥದವರು ಬಂದಿರುತ್ತಾರೆ. ಅವರ ಸಿದ್ಧಾಂತ ಒಂದೇ ವಾಕ್ಯದ್ದು: ‘ಇಳಿಸಿಬಿಡೋಣ ಸಾರ್, ಗಾಡಿ ಬಿಟ್ಟುಹೋಗಿ.’ ಮನೆಯವರದು ಇನ್ನೂ ಚಿಕ್ಕದು: ‘ಮಾರಿಬಿಡಿ.’

ಮತವಿಚಾರ ಸೂಕ್ಷ್ಮ. ಇಲ್ಲಿ ಆಯಿಲಿನ ಮತವೆಂದೇ ತಿಳಿಯತಕ್ಕದ್ದು. ಜನರಲ್ ಮೋಟಾರ್ಸ್‌ನವರು 1960ರ ದಶಕದ ಕೊನೆಯಲ್ಲಿ ಡೆಕ್ಸ್ರಾನ್ ಸಂಪ್ರದಾಯ ಕಟ್ಟಿದರು. ಫೋರ್ಡ್‌ನವರದು ಟೈಪ್ ಎಫ್. ಡೆಕ್ಸ್ರಾನ್‌ನಲ್ಲಿ ಕ್ಲಚ್ಚಿನ ಹಿಡಿತವನ್ನು ನಯಗೊಳಿಸುವ ದ್ರವ್ಯವುಂಟು, ಎಫ್‌ನಲ್ಲಿ ಇಲ್ಲ; ಅದು ಗಟ್ಟಿಯಾಗಿ ಹಿಡಿಯುವ ಮತ. ಎರಡೂ ಕೆಂಪು, ನೋಟದಿಂದ ಮತ ತಿಳಿಯದು. ಒಂದರ ಪೆಟ್ಟಿಗೆಗೆ ಇನ್ನೊಂದರ ತೀರ್ಥ ಕೊಟ್ಟರೆ ಗೇರು ಒರಟಾಗುವುದೋ ಜಾರುವುದೋ ಶತಸ್ಸಿದ್ಧ. ಹಿಂದೆ ಈ ನಯಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾನೂನು ಆ ಪ್ರಾಣಿಯ ರಕ್ಷಣೆಗೆ ನಿಂತ ಮೇಲೆ ಅದು ಕೊನೆಯಾಯಿತು. ಓಲ್ಡ್ಸ್‌ಮೊಬೈಲಿನ ಗೇರು ಮೆತ್ತಗೆ ಬೀಳಲೆಂದು ಸಮುದ್ರದಲ್ಲಿ ತಿಮಿಂಗಿಲ ಸಾಯಬೇಕಿತ್ತು ಎಂಬ ಮಾತನ್ನು ಲೇಖಕ ವಿನೋದಕ್ಕೆ ಸೇರಿಸಿದ್ದಲ್ಲ.

ಮತ ತಿಳಿದ ಮೇಲೆ ಮೂಲಪಾಠ, ಎಂದರೆ ಡಿಪ್‌ಸ್ಟಿಕ್ ಕಡ್ಡಿ. ಬಹುತೇಕ ಕಾರುಗಳಲ್ಲಿ ಸಮನೆಲದ ಮೇಲೆ, ಆಯಿಲು ಕಾದಿರುವಾಗ, ಎಂಜಿನ್ ಓಡುತ್ತಿರುವಂತೆಯೇ ನೋಡಬೇಕು. ಕೆಲವು ತಯಾರಕರು ಎಂಜಿನ್ ಆರಿಸಿದ ಕೂಡಲೇ ನೋಡಿ ಎನ್ನುತ್ತಾರೆ. ಈ ಪಾಠಾಂತರವನ್ನು ಕಾರಿನ ಕೈಪಿಡಿಯೇ ಬಗೆಹರಿಸಬೇಕು. ಕೆಂಪಗಿದ್ದರೆ ಕ್ಷೇಮ. ಕಂದಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ಚಿನ ಲೈನಿಂಗ್ ಬೆಂದಿದೆ. ಕದಡಿದ ಗುಲಾಬಿ ಬಣ್ಣವಾಗಿದ್ದರೆ ರೇಡಿಯೇಟರಿನೊಳಗೆ ಕೂಲೆಂಟ್ ಸೋರಿ ಆಯಿಲಿಗೆ ಬೆರೆತಿದೆ, ಕಾರನ್ನು ಅಲ್ಲೇ ನಿಲ್ಲಿಸಬೇಕು. ನೊರೆ ಕಂಡರೆ ಯಾರೋ ಪ್ರೀತಿ ಹೆಚ್ಚಾಗಿ ಸುರಿದಿದ್ದಾರೆ. ಷಡ್ಡಕರ ಕಡ್ಡಿಯಲ್ಲಿ ಆಯಿಲು ಕಂದಾಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಎಂದಾದರೂ ಬದಲಿಸಿದ್ದುಂಟೇ ಎಂದು ಕೇಳಲಾಗಿ, ಇದು ಜೀವಮಾನವಿಡೀ ಬರುವ ಆಯಿಲು ಎಂದು ಕಾರು ಮಾರಿದವರು ಹೇಳಿದ್ದರೆಂದರು. ಯಾರ ಜೀವಮಾನ ಎಂಬಲ್ಲಿ ಓಲೆ ಹರಿದಿದೆ.

ಫಲಿತಾಂಶ. ಕೆಳಗಿನ ಮೌಂಟಿಂಗ್ ಎರಡು ಹೋಳಾಗಿತ್ತು, ಜೆ.ಸಿ. ರಸ್ತೆಯಲ್ಲಿ ಹೊಸದು ಸಿಕ್ಕಿತು. ಆಯಿಲನ್ನು ಒಮ್ಮೆ ಇಳಿಸಿ ತುಂಬಿದರೆ ಪೂರ್ತಿ ಬದಲಾಗದು, ಟಾರ್ಕ್ ಕನ್ವರ್ಟರಿನೊಳಗೆ ಬಹಳಷ್ಟು ಉಳಿದಿರುತ್ತದೆ. ಆದ್ದರಿಂದ ಸ್ವಲ್ಪ ಓಡಿಸಿ ಮತ್ತೊಮ್ಮೆ ಇಳಿಸಲಾಯಿತು. ನ್ಯೂಟ್ರಲ್‌ನಿಂದ ಡಿಗೆ ಹಾಕುವಾಗಿನ ಬಡಿತ ಹೋಯಿತು. ಒಂದು–ಎರಡರ ನಡುವಿನದು ಕ್ಷೀಣವಾಗಿ ಉಳಿದಿದೆ, ಎರಡನೇ ಸಂಪುಟಕ್ಕೆ ಅಷ್ಟು ಸಾಕು. ಇಳಿಸಿಬಿಡೋಣ ಎಂದವರಾರೂ ಕಡ್ಡಿಯನ್ನು ಹೊರಗೆ ಎಳೆದು ನೋಡಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇವೆ.

ಓದುಗರಲ್ಲಿ ಒಂದೇ ವಿನಂತಿ: ನಿಮ್ಮ ಕಾರಿನಲ್ಲಿ ಯಾವ ಭಾಗ ಬದಲಿಸಿದರೂ ಹಳೆಯದನ್ನು ಡಿಕ್ಕಿಯಲ್ಲಿ ಹಾಕಿಸಿಕೊಂಡೇ ಗ್ಯಾರೇಜಿನಿಂದ ಹೊರಡಿ. ಮುಂದಿನ ಸಂಶೋಧಕರಿಗೆ ಆಕರ ಬೇಕು.