ಒಲೆಯೊಳಗಣ ಒಲೆ: ಪೆಲೆಟ್ ಒಲೆ ಪ್ರತಿಷ್ಠಾಪನಾ ಮೀಮಾಂಸೆ

ಅಧ್ಯಾಯ ಒಂದು: ಪೀಠಿಕೆ, ವ್ಯಾಪ್ತಿ, ಪರಿಮಿತಿ

ಒಲೆ ಎಂಬುದು ಕೇವಲ ಒಲೆಯಲ್ಲ. ಅದು ದಹನ, ಪಚನ, ಸೇವನಗಳೆಂಬ ತ್ರಿವಿಧ ನೆಲೆಗಳು ಪರಸ್ಪರ ಮುಖಾಮುಖಿಯಾಗುವ ಒಂದು ಸಾಂಸ್ಕೃತಿಕ ಅವಕಾಶ. ಹೀಗೆಂದು ಈ ಪ್ರಬಂಧಕಾರನು ಪ್ರತಿಪಾದಿಸುತ್ತಾನೆ. ಪ್ರತಿಪಾದಿಸದೆ ಗತ್ಯಂತರವಿಲ್ಲ. ಮೊದಲ ವಾಕ್ಯದಲ್ಲಿ ‘ಕೇವಲ ಅಲ್ಲ’ ಎನ್ನದ ಪ್ರಬಂಧವನ್ನು ನಮ್ಮ ಕಡೆಯ ಯಾವ ವಿಚಾರ ಸಂಕಿರಣದಲ್ಲೂ ಊಟಕ್ಕೆ ಮುಂಚೆ ಓದಲು ಬಿಡುವುದಿಲ್ಲ. ಊಟವಾದ ಮೇಲೆ ಓದಿದರೆ ಕೇಳಲು ಯಾರೂ ಎಚ್ಚರ ಇರುವುದಿಲ್ಲ.

ಅಧ್ಯಯನದ ವ್ಯಾಪ್ತಿ: ಬಳ್ಳಾರಿ ಜಿಲ್ಲೆ, ಕಂಪ್ಲಿ ತಾಲೂಕು, ಮೆಟ್ರಿ ಗ್ರಾಮದಲ್ಲಿರುವ ನಮ್ಮ ದೊಡ್ಡವ್ವನ ಅಡುಗೆಮನೆ. ಪರಿಮಿತಿ: ಅದೇ ಅಡುಗೆಮನೆ. ಮೆಟ್ರಿ ಹಿಂದೆ ಹೊಸಪೇಟೆ ತಾಲೂಕಿನಲ್ಲಿತ್ತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಗಿ ಬೇರೆ ಹೋಯಿತು. ಕಂಪ್ಲಿಯ ಜೊತೆಗೆ ಮೆಟ್ರಿ ಬಳ್ಳಾರಿಯಲ್ಲೇ ಉಳಿಯಿತು. ಒಲೆಯ ಫಲಾನುಭವಿಗಳ ಪಟ್ಟಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಅಧ್ಯಾಯ ಎರಡು: ಪೂರ್ವಸೂರಿಗಳು

ಈ ಶಾಸ್ತ್ರದ ಒಂದು ಶಾಖೆ ಹುಟ್ಟಿದ್ದು ಶೀತದೇಶದಲ್ಲಿ. 1970ರ ದಶಕದ ತೈಲ ಬಿಕ್ಕಟ್ಟಿನ ತರುವಾಯ ಅಮೆರಿಕದಲ್ಲಿ, ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳನ್ನು, ಅಂದರೆ ಪೆಲೆಟ್‌ಗಳನ್ನು, ಸುಡುವ ಒಲೆಗಳು ಬಳಕೆಗೆ ಬಂದವು. ಅಲ್ಲಿಯ ಹಳೆಯ ಮನೆಗಳ ಗೋಡೆಯಲ್ಲಿ ಚಳಿ ಕಾಯಿಸಿಕೊಳ್ಳಲು ಒಂದು ಗೂಡು ಇದ್ದೇ ಇರುತ್ತದೆ. ಅದರೊಳಗೆ ಕಬ್ಬಿಣದ ಪೆಟ್ಟಿಗೆಯೊಂದನ್ನು ನೂಕಿ, ಹಳೆಯ ಚಿಮಣಿಯೊಳಗೆ ಉಕ್ಕಿನ ಕೊಳವೆ ಇಳಿಸಿ, ಪ್ಲಗ್ ಚುಚ್ಚಿದರೆ ಪ್ರತಿಷ್ಠಾಪನೆ ಮುಗಿಯಿತು. ಡಬ್ಬಿಯಲ್ಲಿ ತುಂಬಿಟ್ಟ ಗುಳಿಗೆಗಳನ್ನು ತಿರುಗುವ ಸುರುಳಿಯೊಂದು ಬೆಂಕಿಗೆ ಉಣಿಸುತ್ತದೆ, ಫ್ಯಾನು ಗಾಳಿ ಊದುತ್ತದೆ, ಕರೆಂಟು ಹೋದರೆ ಬೆಂಕಿಯೂ ಹೋಗುತ್ತದೆ. ಮನೆ ಬೆಚ್ಚಗಾಗುವುದೇ ಇದರ ಪರಮ ಪುರುಷಾರ್ಥ. ಮೇ ತಿಂಗಳಲ್ಲಿ ಮೆಟ್ರಿಯ ಮನೆಯನ್ನು ಬೆಚ್ಚಗೆ ಮಾಡುವ ವಿದ್ಯೆ ಯಾರಿಗಾದರೂ ಬೇಕಾಗಿದ್ದರೆ ಅವರು ಮಾಳಿಗೆ ಹತ್ತಿ ಸ್ವಲ್ಪ ಹೊತ್ತು ನಿಲ್ಲಬಹುದು.

ಎರಡನೆಯ ಶಾಖೆ ನಮ್ಮದೇ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಘಟಕ ಕಟ್ಟಿದರು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಹಚ್ಚುವುದು ಅದರ ಉದ್ದೇಶ. ಮೂರು ಪಾತ್ರೆ ಕೂಡುವ, ಜಾಲರಿ ಮತ್ತು ಹೊಗೆಕೊಳವೆ ಇರುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ಅಳತೆ ತಪ್ಪದೆ ಕಟ್ಟಿದರೆ ಸೌದೆ ನಿಜವಾಗಿಯೂ ಉಳಿಯುತ್ತಿತ್ತು. ಅಳತೆ ತಪ್ಪಿ ಕಟ್ಟುವವರ ಕೊರತೆ ಎಲ್ಲೂ ಇರಲಿಲ್ಲ. 1980ರ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಹಮ್ಮಿಕೊಂಡು ದೇಶದ ತುಂಬ ಮೂರು ಕೋಟಿಗೂ ಮಿಕ್ಕಿ ಒಲೆ ಹಾಕಿಸಿತು; 2002ರಲ್ಲಿ ಕಾರ್ಯಕ್ರಮವನ್ನೇ ಮುಚ್ಚಿತು. ಹಾಕಿಸಿದ ಒಲೆಗಳ ಲೆಕ್ಕ ಪಕ್ಕಾ ಇದೆ.

ಮೂರನೆಯದು ಈ ಪ್ರಬಂಧದ ಜೀವಾಳ. 2006ರ ಸುಮಾರಿಗೆ, ಅದೇ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಚ್. ಎಸ್. ಮುಕುಂದ ಅವರ ಬಳಗ ರೂಪಿಸಿದ ದಹನ ವಿಧಾನವನ್ನು ಬಳಸಿ, ಬಿ.ಪಿ. ಎಂಬ ಎಣ್ಣೆ ಕಂಪನಿ ‘ಊರ್ಜಾ’ ಎಂಬ ಪೆಲೆಟ್ ಒಲೆಯನ್ನು ಮಾರುಕಟ್ಟೆಗೆ ತಂದಿತು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಸುಮಾರು ನಾಲ್ಕು ಲಕ್ಷ ಒಲೆ ಮಾರಿಹೋದವು. ಮೇಲೆ ಎಣ್ಣೆ ಬಾವಿ, ಕೆಳಗೆ ಶೇಂಗಾ ಸಿಪ್ಪೆಯ ಪೆಲೆಟ್: ಜಾಗತೀಕರಣದ ಇಂಥ ಸುಂದರ ದರ್ಶನ ಇನ್ನೊಂದಿಲ್ಲ. ಆಮೇಲೆ ಏನಾಯಿತು ಎಂಬುದನ್ನು ಸಂಶೋಧನಾ ಶಿಸ್ತಿನ ಪ್ರಕಾರ ಕೊನೆಗೆ ಹೇಳಬೇಕು.

ಅಧ್ಯಾಯ ಮೂರು: ಒಲೆಗಳ ವರ್ಗೀಕರಣ

ಒಲೆಗಳು ಒಟ್ಟು ಏಳು ವಿಧ. (ಅ) ಹೊಗೆಯುಕ್ತ ಒಲೆ. (ಆ) ಹೊಗೆರಹಿತ ಒಲೆ. (ಇ) ಹೊಗೆರಹಿತವೆಂದು ವರದಿಯಲ್ಲಿ ಮಾತ್ರ ಇರುವ ಒಲೆ. (ಈ) ಫೋಟೋಕ್ಕೆಂದು ಹಚ್ಚಿದ ಒಲೆ. (ಉ) ಫೋಟೋ ಆದ ಮೇಲೆ ಅಲಸಂದಿ ತುಂಬಿಟ್ಟ ಒಲೆ. ಉಳಿದೆರಡನ್ನು ಬೇಕಾದವರು ಮಾಡಿಕೊಳ್ಳಲಿ. ನನಗೆ ಬೇಸರ ಬಂತು.

ಅಧ್ಯಾಯ ನಾಲ್ಕು: ಪ್ರತಿಷ್ಠಾಪನಾ ವಿಧಿ

ಶೀತದೇಶದ ಗೂಡಿಗೆ ಮೆಟ್ರಿಯಲ್ಲಿ ಸಂವಾದಿಯಾಗುವುದು ಅಡುಗೆಮನೆಯ ಮೂಲೆಯ ಮಣ್ಣಿನ ಒಲೆ, ಅದರ ಮಗ್ಗುಲ ಕೋಡೊಲೆ, ತಲೆಯ ಮೇಲಿನ ಬೆಳಕಿಂಡಿ. ಯೋಜನೆಯವರು (ಯಾವ ಯೋಜನೆ, ಯಾವ ಸಂಸ್ಥೆ ಎಂಬುದು ಇಲ್ಲಿ ಅಪ್ರಸ್ತುತ, ಬೋರ್ಡು ಬದಲಾಗುತ್ತದೆ, ಭಾಷಣ ಬದಲಾಗುವುದಿಲ್ಲ) ಊರಿಗೆ ಬಂದು ಸಮುದಾಯ ಭವನದಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿದರು. ಬೆಂಕಿ ಹಚ್ಚುವುದು ಹೇಗೆ ಎಂಬ ವಿಷಯದ ಮೇಲೆ, ಬುದ್ಧಿ ಬಂದಾಗಿನಿಂದ ಬೆಂಕಿ ಹಚ್ಚುತ್ತಿರುವವರಿಗೆ, ಎಂದೂ ಒಲೆ ಮುಂದೆ ಕೂತಿರದ ಒಬ್ಬ ತರುಣ ‘ಸಾಮರ್ಥ್ಯ ವರ್ಧನೆ’ ಮಾಡಿದ. ಅವನ ತಪ್ಪಿಲ್ಲ, ಅವನಿಗೆ ಬರೆದುಕೊಟ್ಟಿದ್ದನ್ನು ಅವನು ಓದಿದ. ಆ ಬರೆದುಕೊಟ್ಟ ವಾಕ್ಯ ಹೀಗಿತ್ತು: ‘ಫಲಾನುಭವಿಗಳು ಪಾರಂಪರಿಕ ದಹನ ವರ್ತನೆಗಳಿಂದ ಸುಸ್ಥಿರ ದಹನ ವರ್ತನೆಗಳೆಡೆಗೆ ಸ್ಥಿತ್ಯಂತರಗೊಳ್ಳತಕ್ಕದ್ದು.’ ದೊಡ್ಡವ್ವ ನನ್ನ ಕಡೆ ತಿರುಗಿ, ‘ಏನಂತಪ್ಪಾ, ಊರು ಬಿಡಬೇಕಂತೇನು?’ ಎಂದು ಕೇಳಿದಳು.

ಇನ್ನು ವಿಧಿ. ಪ್ರಥಮತಃ ಕೋಡೊಲೆಯನ್ನು ಒಡೆದು, ನೆಲ ಸಮ ಮಾಡಿ, ಸಾರಿಸಿ, ಆ ಜಾಗದಲ್ಲಿ ಉಕ್ಕಿನ ಒಲೆಯನ್ನು ಕೂಡಿಸಬೇಕು. ದ್ವಿತೀಯತಃ ಉರುಳೆಯಾಕಾರದ ಕುಳಿಯಲ್ಲಿ ಪೆಲೆಟ್ ತುಂಬಿ, ಮೇಲ್ಗಡೆಯಿಂದ ಹಚ್ಚಬೇಕು. ಇದನ್ನು ‘ಊರ್ಧ್ವಜ್ವಲನ ನ್ಯಾಯ’ ಎಂದು ಕರೆಯೋಣ. ಬೆಂಕಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಕೆಳಗಿನಿಂದ ಬಂದ ಅಲ್ಪ ಗಾಳಿ ಪೆಲೆಟ್ಟನ್ನು ಪೂರ್ತಿ ಸುಡದೆ ಅನಿಲವಾಗಿಸುತ್ತದೆ. ಕಂಠದ ಸುತ್ತಲಿನ ತೂತುಗಳಿಂದ ಫ್ಯಾನು ಊದಿದ ಎರಡನೆಯ ಗಾಳಿ ಆ ಅನಿಲವನ್ನು ಸುಡುತ್ತದೆ. ಹೊಗೆಯಾಗಿ ಕಣ್ಣಿಗೆ ಬರಬೇಕಾದದ್ದು ಉರಿಯಾಗಿ ಪಾತ್ರೆಗೆ ಹೋಗುತ್ತದೆ. ಇದು ಚೆಂದದ ವಿದ್ಯೆ, ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ. ಮೊದಲ ದಿನ ದೊಡ್ಡವ್ವನ ಅಡುಗೆಮನೆಯಲ್ಲಿ ಎಸರು ಕುದಿಯುವಾಗ ಜಂತಿ ಸ್ಪಷ್ಟವಾಗಿ ಕಾಣುತ್ತಿತ್ತು. ಆಕೆ ಮುಖದ ಮೇಲೆ ಸೆರಗು ಎಳೆದುಕೊಳ್ಳದೆ ಒಲೆಯ ಮುಂದೆ ಕೂತಿದ್ದಳು. ಆ ಹೊತ್ತಿನಲ್ಲಿ ಯೋಜನೆಯವರು ಬಂದು ಕೇಳಿದ್ದರೆ ನಾನೇ ಪ್ರಮಾಣಪತ್ರ ಬರೆದುಕೊಡುತ್ತಿದ್ದೆ.

ಅಧ್ಯಾಯ ಐದು: ನಿರ್ವಹಣಾ ಪ್ರಕರಣ, ಅಥವಾ ರೊಟ್ಟಿ ಪ್ರಶ್ನೆ

ಪೆಲೆಟ್ ಎಂಬುದು ಒತ್ತಡ ಮತ್ತು ಶಾಖಕ್ಕೆ ಸಿಕ್ಕ ಬೆಳೆಯುಳಿಕೆ. ಹೊಟ್ಟು, ಸಿಪ್ಪೆಯನ್ನು ಪುಡಿಮಾಡಿ ಅಚ್ಚಿನ ತೂತುಗಳಲ್ಲಿ ನೂಕಿದರೆ, ಅದರೊಳಗಿನ ಲಿಗ್ನಿನ್ ಎಂಬ ಅಂಟು ಮೆತ್ತಗಾಗಿ ತಾನೇ ಹಿಡಿದುಕೊಳ್ಳುತ್ತದೆ. ನೀರು ತಗುಲಿದರೆ ಮತ್ತೆ ಹೊಟ್ಟಾಗುತ್ತದೆ. ಹೀಗಾಗಿ ಮಳೆಗಾಲದಲ್ಲಿ ಇದನ್ನು ಬಾಣಂತಿಯ ಹಾಗೆ ಬೆಚ್ಚಗೆ ಇಡಬೇಕು. ಚೀಲ ನೋಡಿದರೆ ಥೇಟು ದನದ ಹಿಂಡಿ. ಕಟ್ಟಿದ ಎಮ್ಮೆ ಎರಡು ಸಲ ಬಾಯಿ ಹಾಕಿತ್ತು. ರುಚಿ ನೋಡಿ ಬಿಟ್ಟಿತು. ಮೌಲ್ಯಮಾಪನ ವರದಿಗಳಲ್ಲಿ ಇದಕ್ಕಿಂತ ನೇರವಾದ ತೀರ್ಪನ್ನು ನಾನು ಓದಿಲ್ಲ.

ನಿರ್ವಹಣೆಯ ಎರಡನೆಯ ಸೂತ್ರ ಬೂದಿ. ಮರದ ಪೆಲೆಟ್ಟಿನಲ್ಲಿ ಬೂದಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ತುಂಗಭದ್ರಾ ಅಣೆಕಟ್ಟು ಬಂದ ಮೇಲೆ ನಮ್ಮ ಕಡೆ ಹೊಲದ ತುಂಬ ಭತ್ತ. ಭತ್ತದ ಹೊಟ್ಟಿನಲ್ಲಿ ಬೂದಿ ಐದನೇ ಒಂದು ಪಾಲು, ಅದರಲ್ಲಿ ಬಹುಪಾಲು ಸಿಲಿಕಾ. ಹೊಟ್ಟು ಬೆರೆತ ಪೆಲೆಟ್ಟಿನ ಬೂದಿ ಕಾವು ಏರಿದಾಗ ಕರಗಿ ಕಿಟ್ಟಗಟ್ಟಿ ಜಾಲರಿಯ ತೂತು ಮುಚ್ಚುತ್ತದೆ. ಗಾಳಿ ನಿಂತರೆ ಹೊಗೆ. ಕೈಪಿಡಿಯ ಚಿತ್ರದಲ್ಲಿ ಈ ಕಿಟ್ಟ ಇಲ್ಲ; ಚಿತ್ರದ ಒಲೆಯಲ್ಲಿ ಬೂದಿಯೇ ಇಲ್ಲ.

ಮೂರನೆಯದು ಫ್ಯಾನು, ಅದರ ಬ್ಯಾಟರಿ. ಇವೆರಡನ್ನೂ ರಿಪೇರಿ ಮಾಡುವವರು ಮೆಟ್ರಿಯಲ್ಲಿ ಇಲ್ಲ, ಕಂಪ್ಲಿಯಲ್ಲಿ ಮೊಬೈಲ್ ಅಂಗಡಿಯ ಹುಡುಗ ನೋಡುತ್ತೇನೆ ಎಂದ. ನೋಡಿದ ಕೂಡ. ಅದಕ್ಕಿಂತ ಮುಂದೆ ಏನೂ ಆಗಲಿಲ್ಲ.

ನಾಲ್ಕನೆಯದು, ಶಾಸ್ತ್ರಕ್ಕೆ ಗ್ರಾಸವಾದ ರೊಟ್ಟಿ. ಜೋಳದ ರೊಟ್ಟಿ ಸುಡುವುದಕ್ಕೆ ಹಂಚಿನ ತುಂಬ ಹರಡಿದ ಉರಿ ಬೇಕು, ಕೊನೆಗೆ ಉಬ್ಬಿಸಲು ಮಗ್ಗುಲಲ್ಲಿ ಕೆಂಡ ಬೇಕು, ಉರಿ ಹೆಚ್ಚಾದರೆ ಕಟ್ಟಿಗೆ ಹಿಂದಕ್ಕೆ ಎಳೆಯಬೇಕು, ಕಡಿಮೆಯಾದರೆ ಮುಂದಕ್ಕೆ ತಳ್ಳಬೇಕು. ಬಡಿಯುವ ಕೈ ನಿಲ್ಲದೆ ಈ ಎಲ್ಲವೂ ನಡೆಯುತ್ತದೆ. ಪೆಲೆಟ್ ಒಲೆ ಒಂದು ಸಲ ತುಂಬಿದರೆ ಗಂಟೆಯ ಆಸುಪಾಸು ಉರಿದು ಆರುತ್ತದೆ. ನಡುವೆ ಸುರಿದರೆ ಹೊಗೆ. ಇದನ್ನೇ ದೊಡ್ಡವ್ವ ತರಬೇತಿಯ ದಿನ ಎದ್ದು ನಿಂತು ಕೇಳಿದ್ದಳು.

‘ಅಲ್ರೀ ಸರ, ಅರ್ಧ ಹಿಟ್ಟು ಉಳಿದಾಗ ಬೆಂಕಿ ಆರಿದ್ರ ಏನ್ ಮಾಡಬೇಕ್ರಿ?’

‘ಅಮ್ಮಾ, ಅದಕ್ಕೆ ಮೊದಲೇ ಬ್ಯಾಚ್ ಪ್ಲಾನಿಂಗ್ ಮಾಡ್ಕೋಬೇಕು.’

‘ಮನಿಗೆ ಬಂದ ಮಂದಿನೂ ಬ್ಯಾಚ್ ಪ್ರಕಾರ ಬರ್ತಾರೇನ್ರಿ?’

ಎಲ್ಲರೂ ನಕ್ಕರು. ಈ ಪ್ರಶ್ನೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಹಾಜರಿ ಪುಸ್ತಕದಲ್ಲಿ ಆಕೆಯ ಹೆಬ್ಬೆಟ್ಟು ಮಾತ್ರ ಬಿತ್ತು.

ಅಧ್ಯಾಯಗಳು ಸಾಕು.

ಪೆಲೆಟ್ ಸಿಗುವುದು ನಿಂತಿತು. ಮೊದಲು ದರ ಏರಿತು, ಆಮೇಲೆ ಚೀಲ ಬರುವುದು ತಡವಾಯಿತು, ಆಮೇಲೆ ಚೀಲ ತರುತ್ತಿದ್ದವನ ಫೋನು ಸ್ವಿಚ್ ಆಫ್ ಆಯಿತು. ಯೋಜನೆಯ ಅವಧಿ ಮುಗಿದಿತ್ತಂತೆ. ಇದು ನಮ್ಮೂರಿನದೇ ಕತೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ಆ ನಾಲ್ಕು ಲಕ್ಷ ಊರ್ಜಾ ಒಲೆಗಳದೂ ಇದೇ ಕತೆ. ಕಾರ್ಖಾನೆಯ ಬಾಯ್ಲರುಗಳಿಗೆ ಬೆಳೆಯುಳಿಕೆಯ ರುಚಿ ಹತ್ತಿ ಕಚ್ಚಾಮಾಲು ತುಟ್ಟಿಯಾಯಿತು, ಪೆಲೆಟ್ಟಿನ ಬೆಲೆ ಮನೆಯವರ ಕೈಗೆ ನಿಲುಕದಂತಾಯಿತು. 2009ರಲ್ಲಿ ಎಣ್ಣೆ ಕಂಪನಿ ಆ ವ್ಯವಹಾರವನ್ನು ಕೈಬಿಟ್ಟಿತು. ವಹಿಸಿಕೊಂಡ ಪುಣೆಯ ಫಸ್ಟ್ ಎನರ್ಜಿ ಕ್ರಮೇಣ ಹೋಟೆಲು, ದೊಡ್ಡ ಅಡುಗೆಮನೆಗಳ ಕಡೆ ಹೊರಳಿತು. ಒಲೆ ಸೋಲಲಿಲ್ಲ. ಒಲೆಗೆ ಕೂಳು ಹಾಕುವವರು ಹಿಂದೆ ಸರಿದರು.

ನಮ್ಮ ಕಡೆ ಹೊಟ್ಟಿಗೆ ಬರವೇ? ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಅಕ್ಕಿ ಗಿರಣಿಗಳ ಹಿಂದೆ ಹೊಟ್ಟಿನ ಗುಡ್ಡ ಬೀಳುತ್ತದೆ. ಹತ್ತಿಕಟ್ಟಿಗೆ ಹೊಲದಲ್ಲೇ ಸುಡುತ್ತದೆ. 2021ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ, ಉಷ್ಣ ಸ್ಥಾವರಗಳು ಕಲ್ಲಿದ್ದಲ ಜೊತೆ ಶೇ. 5ರಷ್ಟು ಬೆಳೆಯುಳಿಕೆಯ ಪೆಲೆಟ್ ಸುಡಬೇಕೆಂದು ನೀತಿ ಮಾಡಿತು. ಮಾಡಲಿ, ಒಳ್ಳೆಯದೇ. ಕುಡತಿನಿಯ ಉಷ್ಣ ಸ್ಥಾವರದ ಬಾಯ್ಲರಿಗೆ ನೀತಿ ಬೇಕು, ಟೆಂಡರ್ ಬೇಕು, ದರ ನಿಗದಿ ಬೇಕು ಎಂದು ದೊಡ್ಡವರಿಗೆ ಹೊಳೆಯುತ್ತದೆ. ಮೆಟ್ರಿಯ ಅಡುಗೆಮನೆಗೆ ಮಾತ್ರ ‘ವರ್ತನೆಯ ಬದಲಾವಣೆ’ ಸಾಕು ಎನ್ನುತ್ತಾರೆ. ಎಂಥ ಸೊಕ್ಕಿನ ಮಾತಿದು! ದೊಡ್ಡವ್ವನ ವರ್ತನೆ ಬದಲಾಗಿತ್ತು. ಚೀಲ ಬರುವವರೆಗೂ ಬದಲಾಗಿಯೇ ಇತ್ತು.

ಈಗ ಬಳ್ಳಾರಿ ಜಾಲಿಯ ಕಟ್ಟಿಗೆ ಮತ್ತೆ ಹಿತ್ತಿಲಿಗೆ ಬಂದಿದೆ. ಬಿತ್ತದೆ ಬೆಳೆಯುತ್ತದೆ, ಕೇಳದೆ ಸಿಗುತ್ತದೆ, ಮುಳ್ಳಿನದಾದರೂ ಕೆಂಡ ಗಟ್ಟಿ. 2016ರಲ್ಲಿ ಬಂದ ಉಜ್ವಲಾ ಯೋಜನೆಯ 14.2 ಕಿಲೋ ಸಿಲಿಂಡರ್ ಮನೆಯಲ್ಲಿದೆ. ಚಹಾಕ್ಕೆ, ಜ್ವರ ಬಂದವರ ಗಂಜಿಗೆ ಅದು. ರೊಟ್ಟಿ, ಬಿಸಿನೀರು, ಹಬ್ಬದ ಹೋಳಿಗೆ ಎಲ್ಲ ಕಟ್ಟಿಗೆಯ ಮೇಲೆಯೇ. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ರಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸಂಡೂರಿನ ಅದಿರು ಲಾರಿಗಳ ಧೂಳಿಗೆ ನಮ್ಮಲ್ಲಿ ಮೆರವಣಿಗೆ ನಡೆದಿದೆ, ಕೋರ್ಟು ಕಚೇರಿ ಆಗಿದೆ. ಅಡುಗೆಮನೆಯ ಹೊಗೆಗೆ ಯಾರೂ ಧಿಕ್ಕಾರ ಕೂಗುವುದಿಲ್ಲ. ಆ ಹೊಗೆ ಕುಡಿಯುವವರು ಹೊರಗೆ ಬಂದು ಕೂಗುವ ಹೊತ್ತಿಗೆ ಮನೆಮಂದಿಗೆ ಊಟದ ಹೊತ್ತಾಗಿರುತ್ತದೆ. ದೊಡ್ಡವ್ವ ಕೆಮ್ಮುತ್ತಾಳೆ. ಕೇಳಿದರೆ ‘ಚಳಿಗಾಲಕ್ಕ ಹಂಗ ಆಗ್ತೈತಿ’ ಎನ್ನುತ್ತಾಳೆ, ಬೇಸಿಗೆಯಲ್ಲೂ.

ಉಕ್ಕಿನ ಒಲೆ ವರ್ಗ (ಉ)ಕ್ಕೆ ಸೇರಿದೆ. ಅಲಸಂದಿ ಹುಳ ಹಿಡಿಯದೆ ಚೆನ್ನಾಗಿ ಉಳಿದಿದೆ.

ಸಮೀಕ್ಷೆಯವರು ಮೊನ್ನೆ ಮತ್ತೆ ಬಂದಿದ್ದರು. ನಮೂನೆಯಲ್ಲಿ ಕಾಲಂಗಳು ಹೀಗಿದ್ದವು: ಒಲೆ ತಲುಪಿದೆಯೇ? ಹೌದು. ತರಬೇತಿ ಆಗಿದೆಯೇ? ಹೌದು. ಫೋಟೋ ಇದೆಯೇ? ಹೌದು. ಒಲೆ ಉರಿಯುತ್ತಿದೆಯೇ ಎಂಬ ಕಾಲಂ ಇರಲಿಲ್ಲ. ನಾನು ಕೇಳಿದ್ದಕ್ಕೆ ಆ ಹುಡುಗಿ ಪಾಪ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಷರಾ ಅಂತ ಒಂದೈತ್ರಿ, ಅಲ್ಲಿ ಬರೀಲೇನ್ರಿ?’ ಎಂದಳು. ಜಾಗ ಅರ್ಧ ಗೆರೆಯಷ್ಟಿತ್ತು.

ಮುಂದಿನ ಒಲೆಯ ಯೋಜನೆ ಬರೆಯುತ್ತಿರುವ ಮಹನೀಯರಲ್ಲಿ ಒಂದು ವಿನಂತಿ. ಮೆಟ್ರಿಗೆ ಬನ್ನಿ, ಬೇಡ ಎನ್ನುವುದಿಲ್ಲ. ಬರುವಾಗ ಬ್ಯಾನರು ತರಬೇಡಿ. ಪೆಲೆಟ್ ಯಾವ ಗಿರಣಿಯಿಂದ, ಯಾವ ದರಕ್ಕೆ, ಎಷ್ಟು ವರ್ಷ ಬರುತ್ತದೆ ಎಂಬ ಕಾಗದ ತನ್ನಿ, ಫ್ಯಾನು ರಿಪೇರಿ ಕಲಿತ ಒಬ್ಬ ಕಂಪ್ಲಿಯ ಹುಡುಗನನ್ನು ಕರೆತನ್ನಿ. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೇ ಬನ್ನಿ, ಒಲೆಯ ಮುಂದೆ ಕೂತು ಹಿಟ್ಟು ಮುಗಿಯುವವರೆಗೂ ಏಳಬೇಡಿ. ಊಟಕ್ಕೆ ತೊಂದರೆಯಿಲ್ಲ, ಅಲಸಂದಿ ಪಲ್ಯ ಇರುತ್ತದೆ.