ದಾಸವಾಳಕ್ಕೆ ಎಸಿ ಬೇಕು

ನೊಯ್ಡಾದ ನಮ್ಮ ಮನೆಯಲ್ಲಿ ಕಬ್ಬಿಣದ ಕೊರತೆ ಇರುವುದು ಇಬ್ಬರಿಗೆ: ನನಗೆ ಮತ್ತು ಬಾಲ್ಕನಿಯ ದಾಸವಾಳಕ್ಕೆ. ನನ್ನನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಮಾತ್ರೆ ನುಂಗುವ ಹೊತ್ತಿಗೆ ಕಾಫಿ ಬೇಡ ಎಂದಿದ್ದಾರೆ. ದಾಸವಾಳವನ್ನು ನೋಡಿಕೊಳ್ಳುವವನು ನಾನು. ಹಾಗಾಗಿ ನನ್ನಾಕೆಗೆ ದಾಸವಾಳದ ಚಿಂತೆಯೇ ಹೆಚ್ಚು.

“ರೀ, ದೇವರಿಗೆ ಒಂದು ಹೂವಿಲ್ಲ. ಇನ್ನಷ್ಟು ಡಿಎಪಿ ಹಾಕ್ಲಾ?”

ಕನ್ನಡಕ ಏರಿಸಿದೆ. ಈ ಮನೆಯಲ್ಲಿ ನನ್ನನ್ನು ಪ್ರಶ್ನೆ ಕೇಳುವವರು ಅಪರೂಪ. ಕೇಳಿದಾಗ ಉತ್ತರ ಉದ್ದವಾಗುತ್ತದೆ. ಹಳದಿಯಾಗಿರುವುದು ಚಿಗುರೆಲೆ, ನರಗಳು ಮಾತ್ರ ಹಸಿರು. ಸಾರಜನಕ ಸಾಲದಿದ್ದರೆ ಮೊದಲು ಹಳದಿಯಾಗುವುದು ಹಳೆಯ ಎಲೆ. ಗಿಡ ಅದರಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಕಬ್ಬಿಣ ಹಾಗೆ ಸುಲಭಕ್ಕೆ ಎಲೆಯಿಂದ ಎಲೆಗೆ ದಾಟುವುದಿಲ್ಲ, ಉಪವಾಸ ಬೀಳುವುದು ಚಿಗುರೇ. ಹೂವಿನ ಪರಾಗ ಬಲಿಯುವುದಕ್ಕೂ ಕಬ್ಬಿಣ ಬೇಕು.

“ದಿಲ್ಲೀಲಿ ಕಬ್ಬಿಣಕ್ಕೆ ಬರವೇ?” ಎಂದರು ಅತ್ತೆ. ಆಗಷ್ಟೇ ಮೆಹ್ರೌಲಿಗೆ ಹೋಗಿ, ಆರು ಟನ್ನಿಗೂ ಮಿಕ್ಕಿದ, 1600 ವರ್ಷದಷ್ಟು ಹಳೆಯ ಕಂಬ ನೋಡಿ ಬಂದಿದ್ದರು. ಅದಕ್ಕೂ ಉತ್ತರವಿತ್ತು. ಆ ಕಂಬಕ್ಕೆ ತುಕ್ಕು ಹಿಡಿಯದಂತೆ ಪದರ ಕಟ್ಟಿರುವುದು ಅದರೊಳಗಿನ ರಂಜಕ. ಕುಂಡದಲ್ಲಿ ಡಿಎಪಿಯ ರಂಜಕ ಅತಿಯಾದರೆ ಅದು ಕಬ್ಬಿಣವನ್ನು ಗಿಡದಿಂದಲೇ ಕಾಪಾಡಿಬಿಡುತ್ತದೆ!

ಅಸಲು ಖಳನಾಯಕ ಮಾತ್ರ ಅಡುಗೆಮನೆಯ ಆರ್‌ಒ ಯಂತ್ರ. ಸಿಹಿನೀರು ನಮಗೆ, ಉಪ್ಪು-ಸುಣ್ಣವೆಲ್ಲ ಸೇರಿದ ಉಳಿಕೆ ನೀರು ಗಿಡಕ್ಕೆ. ನೀರು ಚೆಲ್ಲಲಿಲ್ಲವೆಂಬ ಪುಣ್ಯ ಇಡೀ ಎನ್‌ಸಿಆರ್‌ಗೆ. ದಾಸವಾಳದ ಬೇರು ಆಮ್ಲ ಸುರಿಸಿ, ಮಣ್ಣಿನ ಕಬ್ಬಿಣವನ್ನು ಕರಗಿಸಿ, ಹೀರಬಲ್ಲ ರೂಪಕ್ಕೆ ತಂದು ಒಳಗೆಳೆದುಕೊಳ್ಳಬೇಕು. ಈ ನೀರಿನ ಬೈಕಾರ್ಬೊನೇಟು ಆ ಆಮ್ಲವನ್ನು ಅಲ್ಲಲ್ಲೇ ತಣ್ಣಗಾಗಿಸುತ್ತದೆ. ಕಬ್ಬಿಣ ಕುಂಡದಲ್ಲೇ ಇದೆ, ಗಿಡಕ್ಕೆ ದಕ್ಕುತ್ತಿಲ್ಲ. ನನ್ನ ಸಂಬಳದ ಕಥೆಯೂ ಇದೇ.

“ಹಾಗಾದ್ರೆ ಅನ್ನಭೇದಿ ತಂದು ಸುರಿಯೋಣ” ಎಂದಳು. ಇಂಥ ಮಣ್ಣಿನಲ್ಲಿ ಆ ಕಬ್ಬಿಣದ ಉಪ್ಪು ಬೇಗನೆ ತುಕ್ಕಾಗಿ ಕೂರುತ್ತದೆ. ಇಡಿಡಿಎಚ್‌ಎ ಹಿಡಿದಿಟ್ಟ ಕಬ್ಬಿಣದ ಕೆಂಪು ಪುಡಿಯಾದರೆ ತಡೆದುಕೊಳ್ಳುತ್ತದೆ. ಅದನ್ನೂ ಚಿಟಿಕೆಯಲ್ಲೇ ಹಾಕಬೇಕು. ಹೆಚ್ಚುವರಿ ಕಬ್ಬಿಣವನ್ನು ಜೋಪಾನವಾಗಿಡುವುದು ಫೆರಿಟಿನ್ ಎಂಬ ಪ್ರೋಟೀನು. ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಗಿಡದಲ್ಲಿ ಅದನ್ನು ಇಲ್ಲವಾಗಿಸಿ ಧಾರಾಳವಾಗಿ ಕಬ್ಬಿಣ ಉಣಿಸಿದಾಗ ಹೂಗಳ ಬೆಳವಣಿಗೆಯೇ ಕೆಟ್ಟು ಬೀಜ ಕಡಿಮೆಯಾಯಿತೆಂದು 2009ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದಾರೆ. ಕಡಿಮೆಯಾದರೆ ಹಸಿವು, ಹೆಚ್ಚಾದರೆ ವಿಷ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಒಂದು ಬೇಡಿಕೆಗಾಗಿ. ಜುಲೈ ತಿಂಗಳ ಸೆಕೆ, ಕರೆಂಟ್ ಬಿಲ್ಲಿನ ಹೆಸರಲ್ಲಿ ಎಸಿ ರಿಮೋಟು ಅವಳ ಸೆರಗಿನ ಗಂಟಿನಲ್ಲಿ. “ನೋಡು, ಎಸಿಯಿಂದ ತೊಟ್ಟಿಕ್ಕೋದು ಗಾಳಿಯ ತೇವ. ಸುಣ್ಣ ಇಲ್ಲ, ಬೈಕಾರ್ಬೊನೇಟಿಲ್ಲ. ರಾತ್ರಿಯಿಡೀ ಎಸಿ ಓಡಿದರೆ ಬೆಳಿಗ್ಗೆ ಒಂದು ಬಕೆಟ್ ಮೆದುನೀರು. ನನಗೋಸ್ಕರ ಅಲ್ಲ, ದೇವರ ಹೂವಿಗೋಸ್ಕರ.”

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ದೇವರ ಮನೆಯ ಕಡೆ ನೋಡಿದರು. ವಿಜ್ಞಾನ ಗೆದ್ದಿತು.

ಎಸಿ ಈಗ ರಾತ್ರಿಯಿಡೀ ಓಡುತ್ತಿದೆ. ದಾಸವಾಳದ ಬಾಲ್ಕನಿಗೆ ನೀರು ಬಿಡುವುದು ಅತ್ತೆಯ ಕೋಣೆಯ ಎಸಿ. ತಾಯಿ ಮಗಳು ಅಲ್ಲಿ ರಜಾಯಿ ಹೊದ್ದು ಮಲಗುತ್ತಾರೆ. ನಾನು ಹಾಲ್‌ನಲ್ಲಿ, ಫ್ಯಾನಿನ ಕೆಳಗೆ. ಬೆಳಿಗ್ಗೆ ಐದಕ್ಕೆ ಬಕೆಟ್ ಬದಲಿಸುವ ಕೆಲಸ ತಜ್ಞರದ್ದಂತೆ.