ಡಿ ಡ್ರೈವಿನ ಧೈರ್ಯ

ಚಿಕ್ಕೋಡಿ ಕಡೆಯ ಡಿಟಿಪಿ ಅಂಗಡಿಯಲ್ಲಿ ಬ್ಯಾಕಪ್ ಇದೆಯೇ ಎಂದು ಕೇಳಿದರೆ, "ಡಿ ಡ್ರೈವಿನ್ಯಾಗ ಹಾಕೇನಲ್ರೀ ಸಾಹೇಬ್ರ!" ಎಂಬ ನಿಶ್ಚಿಂತೆಯ ಉತ್ತರ ಬರುವುದುಂಟು. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಖೋಲಿಗಳು. ಡಿಸ್ಕ್ ಕೈಕೊಟ್ಟರೆ ಎರಡಕ್ಕೂ ಒಂದೇ ಗತಿ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಅಥಣಿ, ಕಾಗವಾಡ, ರಾಯಬಾಗ ತಾಲ್ಲೂಕಿನ ಊರುಗಳಿಗೆ ನುಗ್ಗಿದಳು. ನಿಪ್ಪಾಣಿ ಕಡೆ ವೇದಗಂಗೆ, ದೂಧಗಂಗೆಯರೂ ಸುಮ್ಮನಿರಲಿಲ್ಲ. ದನಕರು ಸಾಗಿಸುವ ಧಾವಂತದಲ್ಲಿ ಹಾರ್ಡ್ ಡಿಸ್ಕ್ ಯಾರಿಗೆ ನೆನಪಾದೀತು? ಹೊಳೆದಂಡೆಯವರು ಒಂದು ಪ್ರತಿಯನ್ನು ದೂರದೂರಿನ ಬೀಗರ ಮನೆಯಲ್ಲಿ ಇಡುವುದೇ ವಾಸಿ.

ಬರೀ ಫೋಲ್ಡರ್ ನಕಲು ಮಾಡಿದರೆ ವಿಂಡೋಸ್, ನುಡಿ, ಮರಾಠಿ ಫಾಂಟು, ಟ್ಯಾಲಿ ಎಲ್ಲವನ್ನೂ ಮತ್ತೆ ಕೂರಿಸಬೇಕು. ಇಡೀ ಡಿಸ್ಕಿನ ಇಮೇಜ್, ಅಂದರೆ ಯಥಾವತ್ ಪ್ರತಿ, ತೆಗೆದರೆ ಬೂಟ್ ಭಾಗದ ಸಮೇತ ಎಲ್ಲವೂ ಬರುತ್ತದೆ. ಅದಕ್ಕೂ ಮೊದಲು ದೋಷ ತಪಾಸಣೆ, ರದ್ದಿ ಕಡತಗಳ ವಿಲೇವಾರಿ, ಬೂಟ್ ಆಗುವ ಒಂದು ಪೆನ್‌ಡ್ರೈವ್ ಆಗಬೇಕು.

ಇಮೇಜ್ ಇಡಲು ತಂದ ಹೊಸ 1 ಟಿಬಿ ಡಿಸ್ಕ್ ವಿಂಡೋಸಿನಲ್ಲಿ 931 ಜಿಬಿ ತೋರಿಸಿದರೆ ಅಂಗಡಿಯವನ ಮೇಲೆ ಗುಮಾನಿ ಬೇಡ: ತಯಾರಕರ ಲೆಕ್ಕ 1000ದ್ದು, ವಿಂಡೋಸಿನದು 1024ರದ್ದು. ಫ್ಯಾಟ್32 ಡಿಸ್ಕಾದರೆ 4 ಜಿಬಿ ಮೀರಿದ ಒಂದೇ ಕಡತ ಹಿಡಿಸದು, ಎನ್‌ಟಿಎಫ್‌ಎಸ್ ಆಗಬೇಕು.

ಡಿಸ್ಕಿಗೆ ವಿಂಡೋಸಿನ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಯ ರಿಕವರಿ ಕೀಯೂ ಕೈಯಲ್ಲಿರಬೇಕು. ಅದನ್ನು ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುವ ಜಾಣರು, ಜನವರಿಯಲ್ಲಿ ಅದೇ ಕ್ಯಾಲೆಂಡರನ್ನು ರದ್ದಿಗೆ ಹಾಕಿರುತ್ತಾರೆ.